ಇವತ್ತು ಉಪ್ಪಿಟ್ಟು

ನನಗೆ ಸಿಟ್ಟು ಬರುವುದು ಕಡಿಮೆ. ಇದನ್ನು ನಾನೇ ಹೇಳಿಕೊಳ್ಳುವುದು ಸ್ವಲ್ಪ ಸಂಕೋಚದ ಸಂಗತಿಯೇ, ಆದರೆ ಮನೆಯಲ್ಲಿ ಬೇರೆ ಯಾರೂ ಹೇಳುವ ಲಕ್ಷಣ ಕಾಣದ್ದರಿಂದ ಹೇಳುತ್ತಿದ್ದೇನೆ. ಬೇರೆಯವರಿಗೆ ನನ್ನ ಮೇಲೆ ಸಿಟ್ಟು ಬಂದಿದೆ ಎಂದು ಕಂಡುಹಿಡಿಯುವುದರಲ್ಲಿ ಮಾತ್ರ ನನ್ನನ್ನು ಮೀರಿಸುವವರು ಇಡೀ ಕೊಪ್ಪ ತಾಲ್ಲೂಕಿನಲ್ಲಿ ಇಲ್ಲ. ನಮ್ಮ ಶಾಲೆಯ ಹೆಡ್‌ಮಾಸ್ಟರು ಬೆಳಿಗ್ಗೆ ನನ್ನ ನಮಸ್ಕಾರಕ್ಕೆ ಪ್ರತಿನಮಸ್ಕಾರ ಹೇಳದೆ ಹೋದರೆಂದರೆ, ಮೊದಲ ಪಿರಿಯಡ್ಡು ಮುಗಿಯುವುದರೊಳಗೆ ಅದಕ್ಕೆ ಮೂರು ಕಾರಣ ಹುಡುಕಿ, ಮೂರಕ್ಕೂ ಮನಸ್ಸಿನಲ್ಲೇ ಸಮಜಾಯಿಷಿ ಬರೆದು ಮುಗಿಸಿರುತ್ತೇನೆ. ಮಧ್ಯಾಹ್ನ ಅವರು ದವಡೆ ಹಿಡಿದುಕೊಂಡು ಹಲ್ಲಿನ ಡಾಕ್ಟರ ಹತ್ತಿರ ಹೊರಟಾಗ ಸಮಾಧಾನವಾಗುತ್ತದೆ, ಒಂದು ಬಗೆಯ ನಿರಾಸೆಯೂ ಆಗುತ್ತದೆ. ಅಷ್ಟು ಚೆಂದದ ಸಮಜಾಯಿಷಿಗಳು ದಂಡವಾದವಲ್ಲ ಎಂದು. ಇಂಥ ನನ್ನ ಕೈಗೆ ಹೋದ ವರ್ಷ ಒಂದು ದೊಡ್ಡ ಕಂಪನಿಯ ಫೋನು ಬಂತು. ಮುಂದೆ ಆದದ್ದಕ್ಕೆ ಫೋನು ಎಷ್ಟು ಕಾರಣ, ನಾನು ಎಷ್ಟು ಕಾರಣ ಎಂಬುದು ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಫೋನಿಗಿಂತ ಮೊದಲು ರತ್ನಳ ವಿಷಯ ಹೇಳಬೇಕು. ನಾಗರತ್ನ ನನ್ನ ಗೆಳತಿ. ಮೂವತ್ತು ವರ್ಷದ ಹಿಂದೆ ಶಿವಮೊಗ್ಗದಲ್ಲಿ ಬಿ.ಎಡ್. ಓದುವಾಗ ಒಂದೇ ಹಾಸ್ಟೆಲಿನ ಒಂದೇ ಕೋಣೆಯಲ್ಲಿ, ಒಂದೇ ಬಕೆಟ್ಟಿನಲ್ಲಿ ಪಾಳಿ ಹಾಕಿಕೊಂಡು ಸ್ನಾನ ಮಾಡಿದವರು ನಾವು. ಓದು ಮುಗಿದ ಮೇಲೆ ನಾನು ಕೊಪ್ಪದಲ್ಲಿ ಹೈಸ್ಕೂಲಿನ ಹಿಂದಿ ಟೀಚರಾದೆ. ಅವಳು ಎನ್.ಆರ್. ಪುರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಶಿವಕುಮಾರರನ್ನು ಮದುವೆಯಾಗಿ, ಕಲಿತ ಪಾಠಕ್ರಮವನ್ನೆಲ್ಲ ಸೀರೆ ಕೊಳ್ಳಲು ಬಂದು ಮನಸ್ಸು ಮಾಡದೆ ಕುಳಿತ ಹೆಂಗಸರ ಮೇಲೆ ಪ್ರಯೋಗಿಸತೊಡಗಿದಳು. ಅಂಗಡಿ ಚೆನ್ನಾಗಿ ನಡೆಯಿತು. ಹತ್ತು ವರ್ಷದ ಹಿಂದೆ ಅವಳ ಕಿವಿ ಕೈಕೊಟ್ಟಿತು. ಕಿವಿಯ ಒಳಗಡೆ ಅಕ್ಕಿಕಾಳಿಗಿಂತ ಸಣ್ಣದೊಂದು ಎಲುಬು ಇರುತ್ತದಂತೆ, ಅದು ಅಲುಗಾಡಿದರೆ ನಮಗೆ ಶಬ್ದ ಕೇಳಿಸುವುದಂತೆ. ಅವಳಲ್ಲಿ ಅದು ಬಿಗಿದುಕೊಂಡು ಕೂತುಬಿಟ್ಟಿತು. ಎದುರಿಗೆ ಕುಳಿತು, ತುಟಿ ನೋಡುತ್ತಾ ಇದ್ದರೆ ಅರ್ಧ ಮಾತು ತಿಳಿಯುತ್ತದೆ. ಫೋನಿನಲ್ಲಿ ಏನೂ ಇಲ್ಲ. ಕಿವಿಗೆ ಹಾಕುವ ಮಿಷನ್ನು ತರಿಸಿದರು, ಅದು ದಿನವಿಡೀ ಶಿಳ್ಳೆ ಹೊಡೆಯುತ್ತದೆ ಎಂದು ಬೀರುವಿನಲ್ಲಿಟ್ಟಳು. ವಿಚಿತ್ರವೆಂದರೆ ಕಿವಿ ಕೇಳದವರು ಜೋರಾಗಿ ಮಾತಾಡುತ್ತಾರೆ ಎಂದು ನಾವೆಲ್ಲ ತಿಳಿದಿದ್ದೇವೆ, ಇವಳು ಮೆತ್ತಗಾದಳು. ಅವಳ ಮಾತು ಅವಳಿಗೆ ಮಾತ್ರ ತಲೆಯೊಳಗೆ ಜೋರಾಗಿ ಕೇಳುತ್ತಿತ್ತಂತೆ.

ಹೀಗಾಗಿ ನಮ್ಮ ಗೆಳೆತನವೆಲ್ಲ ಮೆಸೇಜಿಗೆ ಬಂತು. ಬೆಳಿಗ್ಗೆ ತಿಂಡಿಯಾದ ಕೂಡಲೇ ನಾನು ಒಂದು ಸಾಲು ಕಳಿಸುವುದು, ಅವಳು ಒಂದು ಸಾಲು ಕಳಿಸುವುದು. ಇವತ್ತು ಕಡುಬು. ನಮ್ಮಲ್ಲಿ ರೊಟ್ಟಿ, ಎಣ್ಣೆಗಾಯಿ. ಇವತ್ತು ನೀರುದೋಸೆ. ನಮ್ಮಲ್ಲಿ ನಿನ್ನೆಯ ಅನ್ನದ ಚಿತ್ರಾನ್ನ, ಯಾರಿಗೂ ಹೇಳಬೇಡ. ಹೊರಗಿನವರು ನೋಡಿದರೆ ಎರಡು ಹೋಟೆಲಿನವರು ಮಾತಾಡಿಕೊಂಡ ಹಾಗಿರುತ್ತಿತ್ತು. ಆದರೆ ಉಪ್ಪಿಟ್ಟು ಎಂದರೆ ನಾನು ತಡವಾಗಿ ಎದ್ದಿದ್ದೇನೆ ಎಂದು ಅವಳಿಗೆ ತಿಳಿಯುತ್ತಿತ್ತು. ಶ್ಯಾವಿಗೆ ಒತ್ತಿದ್ದೇನೆ ಎಂದರೆ ಅತ್ತೆಯ ಕಡೆಯವರು ಬಂದಿದ್ದಾರೆ ಎಂದು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದುದರಿಂದ ಆಗಾಗ ಎಡವಟ್ಟೂ ಆಗುತ್ತಿತ್ತು. ಒಮ್ಮೆ ಅವಳು ಕಾಳು ಹುರಿದಿಟ್ಟಿದ್ದೇನೆ, ಭಾನುವಾರ ಬಾ ಎಂದು ಬರೆದದ್ದನ್ನು ನಾನು ಕಾಲು ಹುರಿದಿಟ್ಟಿದ್ದೇನೆ ಎಂದು ಓದಿ, ಸ್ಟಾಫ್ ರೂಮಿನಲ್ಲಿ ಚಹಾ ನೆತ್ತಿಗೆ ಹತ್ತಿಸಿಕೊಂಡಿದ್ದೆ. ವಾಟ್ಸಾಪ್ ಇರಲಿಲ್ಲವೇ ಎಂದು ನೀವು ಕೇಳಬಹುದು. ಅವಳ ಮನೆಯ ವಾಟ್ಸಾಪ್ ಶಿವಕುಮಾರರ ಅಂಗಡಿ ಫೋನಿನಲ್ಲಿದೆ, ಅದರ ತುಂಬಾ ಸೀರೆಯ ಫೋಟೋಗಳು. ನನ್ನ ತಿಂಡಿ ಅಷ್ಟು ಸೀರೆಗಳ ನಡುವೆ ಯಾರ ಕಣ್ಣಿಗೂ ಬೀಳುವ ಹಾಗಿರಲಿಲ್ಲ.

ನಮ್ಮನೆಯವರು ಕಮ್ಮರಡಿಯಲ್ಲಿ ಪೋಸ್ಟ್ ಮಾಸ್ಟರು. ದಿನವೂ ತಿಂಡಿಯ ವರದಿ ಒಪ್ಪಿಸುವ ಈ ಪದ್ಧತಿಯನ್ನು ಅವರು ಮೊದಲಿನಿಂದಲೂ ಸ್ವಲ್ಪ ಅಸಮಾಧಾನದಿಂದಲೇ ನೋಡುತ್ತಿದ್ದರು. ಇಷ್ಟು ನಿಯಮಿತವಾಗಿ ಬರೆಯುವವರು ಒಂದೊಂದು ಕಾರ್ಡು ಹಾಕಿದ್ದರೆ ಇಲಾಖೆಗೆ ಎಷ್ಟು ಶೋಭೆ ಎಂಬುದು ಅವರ ವಾದ. ಕಾರ್ಡು ತಲುಪುವಷ್ಟರಲ್ಲಿ ಕಡುಬು ಹಳಸುತ್ತದೆ ಎಂದು ನಾನು ಹೇಳಿದ ಮೇಲೆ ಸುಮ್ಮನಾದರು.

ಇನ್ನು ಫೋನು. ನನ್ನ ನಾದಿನಿ ಸವಿತಾ ಶೃಂಗೇರಿಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಅವಳು ಹೊಸ ಫೋನು ತೆಗೆದುಕೊಂಡಾಗ ಹಳೆಯದನ್ನು ನನಗೆ ಕೊಟ್ಟಳು. ಹಳೆಯದೆಂದರೆ ಒಂದು ಗೀರು ಕೂಡ ಇಲ್ಲ. ಅದೇ ಹೊತ್ತಿಗೆ ರತ್ನಳ ಬಳಿಯೂ ಅದೇ ಕಂಪನಿಯ ಫೋನು ಬಂದಿತ್ತು. ಹೆಚ್ಚು ಸೀರೆ ಮಾರಿದ್ದಕ್ಕೆ ಶಿವಕುಮಾರರಿಗೆ ಯಾವುದೋ ಮಿಲ್ಲಿನವರು ಬಹುಮಾನ ಕೊಟ್ಟದ್ದು. ನಾನು ಮೊದಲ ದಿನ ಇವತ್ತು ಕಡುಬು ಎಂದು ಕಳಿಸಿದಾಗ, ಬೇರೆಯವರಿಗೆ ಹಸಿರಾಗಿ ಹೋಗುವ ಮೆಸೇಜು ಅವಳಿಗೆ ನೀಲಿ ಬಣ್ಣದಲ್ಲಿ ಹೋಯಿತು. ಕಡುಬು ನೀಲಿಯಾಯ್ತಲ್ಲ ಎಂದು ಸವಿತಾಳಿಗೆ ಹೇಳಿದೆ. ಒಂದೇ ಕಂಪನಿಯ ಫೋನು ಇಬ್ಬರ ಹತ್ತಿರವೂ ಇದ್ದರೆ ಮೆಸೇಜು ಸಿಮ್ಮಿನ ದಾರಿ ಬಿಟ್ಟು, ಕಂಪನಿಯವರದೇ ದಾರಿಯಲ್ಲಿ, ಇಂಟರ್ನೆಟ್ಟಿನಲ್ಲಿ ಹೋಗುತ್ತದೆ, ಇದು ಬಹಳ ಮೇಲುಮಟ್ಟದ ವ್ಯವಸ್ಥೆ ಎಂದು ಅವಳು ವಿವರಿಸಿದಳು. ನಾನು ಯಾವುದನ್ನೂ ಆರಿಸಿಕೊಂಡಿರಲಿಲ್ಲ, ಯಾರೂ ನನ್ನನ್ನು ಕೇಳಿಯೂ ಇರಲಿಲ್ಲ. ಆದರೂ ಮೇಲುಮಟ್ಟಕ್ಕೆ ಏರಿದ್ದು ಯಾರಿಗೆ ಬೇಡ.

ಆ ವ್ಯವಸ್ಥೆಯಲ್ಲಿ ಒಂದು ವಿಶೇಷವಿತ್ತು. ಆ ಕಡೆಯವರು ಬರೆಯುತ್ತಿದ್ದರೆ ಈ ಕಡೆ ಮೂರು ಚುಕ್ಕಿಗಳು ಕುಣಿಯುತ್ತವೆ. ನನ್ನಂಥವಳಿಗೆ ಇದನ್ನು ತೋರಿಸಬಾರದು. ಚುಕ್ಕಿಗಳು ಕುಣಿದು, ನಿಂತು, ಮತ್ತೆ ಕುಣಿದು, ಕೊನೆಗೆ ಬರೀ ರೊಟ್ಟಿ ಎಂದು ಬಂದರೆ, ಆ ರೊಟ್ಟಿಗೆ ಮೊದಲು ಅವಳು ಏನು ಬರೆದು ಅಳಿಸಿದಳು ಎಂಬ ಯೋಚನೆಯಲ್ಲಿ ನನಗೆ ಒಂದು ಪಿರಿಯಡ್ಡು ಹೋಗುತ್ತಿತ್ತು. ಆಮೇಲೆ ತಿಳಿಯಿತು, ಅಷ್ಟು ಹೊತ್ತೂ ಅವಳು ಗಿರಾಕಿಗೆ ಸೀರೆ ಮಡಿಸಿ ಕೊಡುತ್ತಿದ್ದಳು ಎಂದು.

ಒಂದು ಶುಕ್ರವಾರ ಬೆಳಿಗ್ಗೆ ರತ್ನ ತಿಂಡಿ ಬಿಟ್ಟು ಬೇರೆಯದನ್ನು ಬರೆದಳು. ಶಿವಮೊಗ್ಗದ ಕಿವಿ ಡಾಕ್ಟರಿಗೆ ಮತ್ತೆ ತೋರಿಸಿದ್ದರಂತೆ. ಆಪರೇಷನ್ ಮಾಡಿ ಆ ಎಲುಬಿನ ಜಾಗಕ್ಕೆ ಬೇರೆಯದನ್ನು ಕೂರಿಸಿದರೆ ಕೇಳಿಸುವ ಸಾಧ್ಯತೆ ಇದೆಯಂತೆ, ಮೊದಲು ಬಲಗಿವಿ. ಮಾಡಿಸಲೋ ಬೇಡವೋ ಹೇಳು ಎಂದು ಕೇಳಿದ್ದಳು. ನಾನು ಅಡುಗೆಮನೆಯಲ್ಲಿ ಗ್ರೈಂಡರಿನ ಪಕ್ಕ ನಿಂತುಕೊಂಡೇ, ದೊಡ್ಡ ಹಾಸ್ಯಗಾರ್ತಿಯ ಹಾಗೆ, ಚೆನ್ನಾಗಿ ಯೋಚನೆ ಮಾಡು, ಕಿವಿ ಸರಿಹೋದರೆ ನಿನ್ನ ಗಂಡ ಹೇಳುವುದೆಲ್ಲ ಕೇಳಿಸಿಕೊಳ್ಳಬೇಕಾಗುತ್ತದೆ ಎಂದು ಬರೆದು ಕಳಿಸಿದೆ. ಕಳಿಸಿ ನಗುತ್ತಾ ಫೋನನ್ನು ಕಟ್ಟೆಯ ಮೇಲಿಡಲು ಹೋದೆ. ಅದು ಜಾರಿ ಇಡ್ಲಿ ಹಿಟ್ಟಿನ ಪಾತ್ರೆಗೆ ಬಿತ್ತು. ಸೌಟು ಹಾಕಿ ಹುಡುಕುವಷ್ಟರಲ್ಲಿ ತಳ ಸೇರಿತ್ತು. ನಮ್ಮನೆಯವರು ಅದನ್ನು ತೊಳೆದು, ಒರೆಸಿ, ಅಕ್ಕಿ ಡಬ್ಬದಲ್ಲಿಟ್ಟು, ಬಿಸಿಲಿಗಿಟ್ಟು, ತಮ್ಮ ಇಲಾಖೆಯ ತಾಳ್ಮೆಯನ್ನೆಲ್ಲ ಉಪಯೋಗಿಸಿದರು. ಅದು ಕಣ್ಣು ಬಿಡಲಿಲ್ಲ. ನಾನು ನನ್ನ ಹಳೆಯ ಗುಂಡಿ ಫೋನನ್ನು ಹುಡುಕಿ ತೆಗೆದು, ಪೇಟೆಯ ಮೊಬೈಲ್ ಅಂಗಡಿಗೆ ಹೋಗಿ ಸಿಮ್ಮನ್ನು ಅದಕ್ಕೆ ಹಾಕಿಸಿಕೊಂಡೆ.

ಮರುದಿನ ಬೆಳಿಗ್ಗೆ ಗುಂಡಿ ಒತ್ತಿ ಒತ್ತಿ ಇವತ್ತು ನೀರುದೋಸೆ ಎಂದು ರತ್ನಳಿಗೆ ಕಳಿಸಿದೆ. ಉತ್ತರ ಬರಲಿಲ್ಲ. ಭಾನುವಾರ ಇಡ್ಲಿ ಎಂದು ಕಳಿಸಿದೆ. ಹಿಟ್ಟು ಚೆಲ್ಲಲು ನನಗೆ ಮನಸ್ಸಾಗಿರಲಿಲ್ಲ ಎಂಬ ಸತ್ಯವನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ. ಉತ್ತರವಿಲ್ಲ. ಸೋಮವಾರ ಉಪ್ಪಿಟ್ಟು. ಮಂಗಳವಾರ ಅವಲಕ್ಕಿ, ಮೊಸರು ಹುಳಿ. ಆ ಕಡೆಯಿಂದ ಸದ್ದೇ ಇಲ್ಲ. ಹತ್ತು ವರ್ಷದಲ್ಲಿ ಹೀಗಾದದ್ದೇ ಇಲ್ಲ. ಅವಳ ಮಾವ ತೀರಿಕೊಂಡ ದಿನ ಕೂಡ, ಇವತ್ತು ತಿಂಡಿ ಇಲ್ಲ ಎಂದು ಬರೆದವಳು.

ನನಗೆ ಕಾರಣ ಹುಡುಕುವ ಕಷ್ಟವಿರಲಿಲ್ಲ, ಅದು ಕಣ್ಣೆದುರೇ ಇತ್ತು. ಕಿವಿ ಕೇಳದವಳು ಹೆದರಿಕೊಂಡು, ಧೈರ್ಯ ಹೇಳಲಿ ಎಂದು ಕೇಳಿದರೆ ನಾನು ತಮಾಷೆ ಮಾಡಿದ್ದೆ. ಅದೂ ಅವಳ ಕಿವಿಯ ಮೇಲೆ, ಅವಳ ಗಂಡನ ಮೇಲೆ. ಆ ಸಾಲನ್ನು ನೆನೆದುಕೊಂಡಾಗಲೆಲ್ಲ ಅದು ಇನ್ನಷ್ಟು ಕೆಟ್ಟದಾಗಿ ಕಾಣುತ್ತಿತ್ತು. ಕ್ಷಮೆ ಕೇಳಿಬಿಡೋಣವೆಂದರೆ, ಕೇಳಿ ಅದಕ್ಕೂ ಉತ್ತರ ಬರದಿದ್ದರೆ ಎಂಬ ಭಯ. ಶಿವಕುಮಾರರಿಗೆ ಫೋನು ಮಾಡೋಣವೆಂದರೆ, ಅವರ ಮಾತು ಕೇಳುವುದೇ ಶಿಕ್ಷೆ ಎಂದು ಬರೆದವಳು ನಾನು, ಯಾವ ಮುಖ ಇಟ್ಟುಕೊಂಡು ಮಾತಾಡಲಿ. ಬುಧವಾರದಿಂದ ನಾನೂ ಬರೆಯುವುದನ್ನು ನಿಲ್ಲಿಸಿದೆ. ತಪ್ಪು ನನ್ನದೇ ಎಂದು ಗೊತ್ತಿದ್ದೂ ಬಿಗುಮಾನ ಎಲ್ಲಿಂದ ಬಂತೋ ಗೊತ್ತಿಲ್ಲ. ದಿನಾ ಬೆಳಿಗ್ಗೆ ತಿಂಡಿ ಮಾಡುವುದು, ಅದನ್ನು ಯಾರಿಗೂ ಹೇಳದೆ ತಿನ್ನುವುದು. ನಮ್ಮನೆಯವರಿಗೆ ಹೇಳಿದೆ. ಅವರು ಎದುರಿಗೇ ತಟ್ಟೆ ಇಟ್ಟುಕೊಂಡು ಕೂತವರು, ಕಾಣ್ತಾ ಇದೆಯಲ್ಲ ಮಾರಾಯ್ತಿ ಅಂದರು.

ಹೀಗೆ ಒಂಬತ್ತು ದಿನ ಕಳೆದವು. ಭಾನುವಾರ ನಾನು ಶೃಂಗೇರಿಗೆ ಹೋದೆ. ಸವಿತಾಳ ಫೋನನ್ನು ಹಿಟ್ಟಿನಲ್ಲಿ ಮುಳುಗಿಸಿದ್ದನ್ನು ಎದುರಿಗೇ ಹೋಗಿ ಹೇಳಿಬಿಡುವುದು ಒಳ್ಳೆಯದು ಅನ್ನಿಸಿತ್ತು. ಅವಳ ಮನೆ ಪೇಟೆ ದಾಟಿದ ಮೇಲೆ, ನೆಮ್ಮಾರಿಗೆ ಹೋಗುವ ರಸ್ತೆಯಲ್ಲಿದೆ. ಬಾಗಿಲು ತೆಗೆದವಳ ಮುಖ ನೋಡಿದ ಕೂಡಲೇ ಇವಳಿಗೆ ಫೋನಿನ ಸುದ್ದಿ ಯಾರೋ ಮುಟ್ಟಿಸಿದ್ದಾರೆ ಎಂದು ಖಚಿತವಾಯಿತು. ಮಾತಿಲ್ಲದೆ ಕಾಫಿ ತಂದಿಟ್ಟಳು. ನಾನು ಕಾಫಿ ಮುಟ್ಟದೆ, ತಪ್ಪಾಯಿತು, ಕೈ ಜಾರಿತು, ರಿಪೇರಿ ಮಾಡಿಸಿ ಕೊಡುತ್ತೇನೆ ಎಂದು ಶುರುಮಾಡಿದೆ. ಅವಳಿಗೆ ಏನೂ ಅರ್ಥವಾಗಲಿಲ್ಲ. ಸ್ವಲ್ಪ ಹೊತ್ತು ನಾನು ಹೇಳುತ್ತಿದ್ದುದು ಫೋನಿನ ವಿಷಯ, ಅವಳು ಹೇಳುತ್ತಿದ್ದುದು ಹಪ್ಪಳದ ವಿಷಯ. ಹಲಸಿನ ಹಪ್ಪಳ ಹಾಕುವುದಕ್ಕೆ ಬನ್ನಿ ಎಂದು ಅವಳು ನನಗೆ ಎರಡು ಸಲ ಮೆಸೇಜು ಮಾಡಿದ್ದಳಂತೆ. ನಾನು ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಕೊನೆಗೆ ಒಬ್ಬಳೇ ಹಾಕಿದಳಂತೆ.

"ನೀವು ಸಿಟ್ಟಾಗಿದ್ದೀರಿ ಅಂದ್ಕಂಡೆ ಅತ್ತಿಗೆ," ಅಂದಳು. ನನ್ನ ಮೇಲೆ ಇನ್ನೊಬ್ಬರು ಈ ವಿದ್ಯೆಯನ್ನು ಪ್ರಯೋಗಿಸಿದ್ದು ಅದೇ ಮೊದಲು.

ನನಗೆ ಯಾವ ಮೆಸೇಜೂ ಬಂದಿಲ್ಲ ಎಂದೆ. ಕಳಿಸಿದ್ದೇನೆ ಎಂದು ಅವಳು ತನ್ನ ಫೋನು ತೋರಿಸಿದಳು. ಹೌದು, ಹಪ್ಪಳದ ಎರಡು ಮೆಸೇಜು, ನೀಲಿ ಬಣ್ಣದಲ್ಲಿ. ಎದುರಿಗೇ ಕುಳಿತು ಇನ್ನೊಂದು ಕಳಿಸಿ ನೋಡಿದಳು. ನನ್ನ ಗುಂಡಿ ಫೋನು ಟೀಪಾಯಿಯ ಮೇಲೆ ಸುಮ್ಮನೆ ಬಿದ್ದುಕೊಂಡಿತ್ತು. ಸವಿತಾ ಚುರುಕು. ಅದೇ ಮೆಸೇಜಿನ ಮೇಲೆ ಬೆರಳು ಒತ್ತಿ ಹಿಡಿದು, ಏನೋ ಆರಿಸಿ, ಸಾದಾ ಮೆಸೇಜಾಗಿ ಕಳಿಸಿದಳು. ಅದು ಹಸಿರಾಯಿತು, ನನ್ನ ಫೋನು ಟುಂಯ್ ಅಂದಿತು. ಆಗ ಅವಳು ವಿಷಯ ಬಿಡಿಸಿ ಹೇಳಿದಳು. ನನ್ನ ನಂಬರು ಇನ್ನೂ ಆ ಕಂಪನಿಯ ಫೋನಿನಲ್ಲೇ ಇದೆ ಎಂದು ಅವರ ವ್ಯವಸ್ಥೆ ತಿಳಿದಿದೆ. ಅದೇ ಕಂಪನಿಯ ಫೋನು ಇರುವವರು ಏನು ಬರೆದರೂ, ಅದು ಅಕ್ಕಿ ಡಬ್ಬದಲ್ಲಿ ಮಲಗಿರುವ ಆ ಸತ್ತ ಫೋನನ್ನೇ ಹುಡುಕಿಕೊಂಡು ಹೋಗುತ್ತದೆ. ನಾನು ಕಳಿಸಿದ್ದು ಅವರಿಗೆ ಮುಟ್ಟುತ್ತದೆ, ಅವರು ಕಳಿಸಿದ್ದು ನನಗೆ ಮುಟ್ಟುವುದಿಲ್ಲ. ಸಂಜೆ ಇದನ್ನು ನಮ್ಮನೆಯವರಿಗೆ ಹೇಳಿದಾಗ ಅವರು ಆಶ್ಚರ್ಯವನ್ನೇ ಪಡಲಿಲ್ಲ. ಮನೆ ಖಾಲಿ ಮಾಡಿದವರು ವಿಳಾಸ ಬದಲಾವಣೆಗೆ ಅರ್ಜಿ ಕೊಡದಿದ್ದರೆ ಕಾಗದ ಹಳೇ ಮನೆಗೇ ಹೋಗುತ್ತದೆ, ಅದರಲ್ಲಿ ಹೊಸದೇನು ಎಂದರು. ಆದರೆ ತಮ್ಮ ಪೋಸ್ಟ್‌ಮ್ಯಾನ್ ಬೀಗ ನೋಡಿ ಕಾಗದ ವಾಪಸು ತರುತ್ತಾನೆ, ಇಲ್ಲಿ ಅದೂ ಇಲ್ಲ ಎಂದು ಸೇರಿಸುವುದನ್ನು ಮರೆಯಲಿಲ್ಲ.

ಹಪ್ಪಳದ ಕಥೆ ಹೀಗಾದರೆ ರತ್ನಳ ಕಥೆ ಏನು ಎಂಬುದು ಶೃಂಗೇರಿಯ ಆ ಕಾಫಿಯ ಮುಂದೆಯೇ ನನಗೆ ಹೊಳೆದಿತ್ತು. ಮೆಸೇಜು ಮಾಡಿ ಕೇಳಿದರೆ ಅವಳ ಉತ್ತರ ನನಗೆ ಬರುವುದಿಲ್ಲ. ಸೋಮವಾರ ರಜೆ ಹಾಕಿ, ಬೆಳಗಿನ ಬಸ್ಸಿಗೆ ಎನ್.ಆರ್. ಪುರಕ್ಕೆ ಹೊರಟೆ. ಬಸ್ಸಿನಲ್ಲಿ ಕೂತು ಹತ್ತು ದಿನದಲ್ಲಿ ಅವಳು ನನಗೆ ಏನೇನು ಬರೆದಿರಬಹುದು ಎಂದು ಯೋಚಿಸಿದೆ. ಎಲ್ಲವನ್ನೂ ಯೋಚಿಸಿದೆ, ನಿಜವಾಗಿ ಆದದ್ದೊಂದನ್ನು ಬಿಟ್ಟು.

ಅಂಗಡಿಯಲ್ಲಿ ರತ್ನ ಇಬ್ಬರು ಹೆಂಗಸರ ಮುಂದೆ ಸೀರೆ ಹರವಿಕೊಂಡು ಕೂತಿದ್ದಳು. ನನ್ನನ್ನು ನೋಡಿದಳು, ಮತ್ತೆ ಸೀರೆ ನೋಡಿದಳು. ಎದ್ದು ಬರಲಿಲ್ಲ. ಶಿವಕುಮಾರರು ಗಲ್ಲಾದಿಂದಲೇ, ಬನ್ನಿ ಟೀಚರ್, ಕೂರಿ ಎಂದರು. ಅವರ ದನಿಯಲ್ಲೂ ಎಂದಿನ ಉತ್ಸಾಹವಿರಲಿಲ್ಲ. ಅಷ್ಟು ಜನರ ಮುಂದೆ ಕೂಗಿ ಹೇಳುವ ವಿಷಯವಲ್ಲ ಇದು. ನಾನು ಅವಳ ಎದುರಿಗೇ ಚಾಪೆಯ ಮೇಲೆ ಕುಳಿತು, ಗುಂಡಿ ಫೋನು ತೆಗೆದು ಬರೆಯತೊಡಗಿದೆ. ಗುಂಡಿ ಫೋನಿನಲ್ಲಿ ಒಂದು ಅಕ್ಷರಕ್ಕೆ ಮೂರು ಸಲ ಒತ್ತಬೇಕು. ಗಿರಾಕಿ ಹೆಂಗಸರೂ ಸೀರೆ ಬಿಟ್ಟು ನನ್ನ ಬೆರಳನ್ನೇ ನೋಡುತ್ತಿದ್ದರು. ನಿನ್ನ ಒಂದು ಮೆಸೇಜೂ ನನಗೆ ಬಂದಿಲ್ಲ ಎಂದು ಬರೆದು ಕಳಿಸಿದೆ. ಅವಳ ಮಡಿಲಿನಲ್ಲಿದ್ದ ಫೋನು ಅಲುಗಿತು. ಓದಿದಳು. ನಂಬದವಳ ಹಾಗೆ ನನ್ನನ್ನು ನೋಡಿ, ಏನೋ ಬರೆದು ಕಳಿಸಿದಳು. ನನ್ನ ಫೋನನ್ನು ಅವಳ ಕೈಗೇ ಕೊಟ್ಟೆ. ಇಬ್ಬರೂ ಅದನ್ನು ನೋಡುತ್ತಾ ಕುಳಿತೆವು. ಅದು ಅಲುಗಲಿಲ್ಲ, ಸದ್ದು ಮಾಡಲಿಲ್ಲ. ರತ್ನ ಅದನ್ನು ತಿರುಗಿಸಿ ನೋಡಿದಳು, ತಟ್ಟಿ ನೋಡಿದಳು. ಆಮೇಲೆ ತನ್ನ ಫೋನನ್ನು ನನ್ನ ಕೈಗೆ ಕೊಟ್ಟಳು.

ಹತ್ತು ದಿನದ ನಮ್ಮಿಬ್ಬರ ಮಾತು ಅಲ್ಲಿತ್ತು. ನಾನು ಗಂಡನ ತಮಾಷೆ ಬರೆದ ಒಂದು ನಿಮಿಷಕ್ಕೇ ಅವಳು, ಇದನ್ನು ಇವರಿಗೆ ಓದಿ ಹೇಳಿದೆ, ಇನ್ನೂ ನಗುತ್ತಾ ಇದ್ದಾರೆ ಎಂದು ಬರೆದಿದ್ದಳು. ನನ್ನ ಒಂಬತ್ತು ದಿನದ ಸಂಕಟಕ್ಕೆ ಅಷ್ಟೇ ಉತ್ತರವಿತ್ತು, ಅದು ಅಕ್ಕಿ ಡಬ್ಬದಲ್ಲಿತ್ತು. ಅದರ ಕೆಳಗೆ ಓದುತ್ತಾ ಹೋದೆ. ಶನಿವಾರ ಅವಳು, ಆಪರೇಷನ್ ಮಾಡಿಸುವುದೆಂದು ನಿಶ್ಚಯವಾಯಿತು ಎಂದು ಬರೆದಿದ್ದಳು. ಭಾನುವಾರ, ಮುಂದಿನ ವಾರ ಮಂಗಳವಾರ ಸೇರಿಕೊಳ್ಳಬೇಕು, ಬುಧವಾರ ಆಪರೇಷನ್, ನೀನು ಜೊತೆಗೆ ಬರ್ತೀಯಾ ಎಂದು ಕೇಳಿದ್ದಳು. ಅದಕ್ಕೆ ಸೋಮವಾರ ಬೆಳಿಗ್ಗೆ ನನ್ನ ಉತ್ತರ, ಇವತ್ತು ಉಪ್ಪಿಟ್ಟು. ಅವಳು ಮತ್ತೆ, ಇವರಿಗೆ ಸೂಜಿ ಕಂಡರೆ ತಲೆ ತಿರುಗುತ್ತದೆ, ಇವರನ್ನು ನಂಬಿಕೊಂಡು ಹೋಗಲು ಹೆದರಿಕೆಯಾಗುತ್ತದೆ ಕಣೇ ಎಂದಿದ್ದಳು. ಅದಕ್ಕೆ ನಾನು, ಅವಲಕ್ಕಿ, ಮೊಸರು ಹುಳಿ ಎಂದಿದ್ದೆ. ಅದಾದ ಮೇಲೆ ಇಬ್ಬರದೂ ಏನೂ ಇರಲಿಲ್ಲ. ಕೊನೆಯಲ್ಲಿ ಈಗ ತಾನೇ ಕಳಿಸಿದ್ದು ಒಂದಿತ್ತು: ಮತ್ತೆ ಈಗ ಯಾಕೆ ಬಂದೆ.

ನಾನು ತಲೆ ಎತ್ತಿದೆ. ರತ್ನ ತನ್ನ ಮೆತ್ತನೆಯ ದನಿಯಲ್ಲಿ, ಗಿರಾಕಿಗಳಿಗೂ ಕೇಳಿಸದಷ್ಟು ಸಣ್ಣಗೆ ಹೇಳಿದಳು, "ಜೊತೆಗೆ ಬರ್ತೀಯಾ ಅಂತ ಕೇಳಿದ್ರೆ ಉಪ್ಪಿಟ್ಟು ಅಂದ್ಯಲ್ಲೇ ವಸು."

ಅಷ್ಟು ಹೇಳುವಾಗ ಅವಳ ಕಣ್ಣು ತುಂಬಿತು. ತುಂಬಿದ ಕಣ್ಣಿನಲ್ಲೇ ತುಟಿ ಅಲುಗಿತು. ಮೊದಲು ನಕ್ಕವರು ಯಾರೆಂದು ಈಗಲೂ ನಮ್ಮಲ್ಲಿ ಭಿನ್ನಾಭಿಪ್ರಾಯವಿದೆ. ಬಟ್ಟೆಯ ರಾಶಿಗೆ ಒರಗಿಕೊಂಡು ಇಬ್ಬರೂ ನಕ್ಕೆವು, ಅತ್ತೆವು, ಯಾವುದು ಎಲ್ಲಿ ಮುಗಿದು ಯಾವುದು ಶುರುವಾಯಿತೋ ತಿಳಿಯಲಿಲ್ಲ. ಗಿರಾಕಿ ಹೆಂಗಸರು ಏನೆಂದು ತಿಳಿದರೋ, ಒಂದು ಸೀರೆಗೆ ಬಂದವರು ಎರಡು ತೆಗೆದುಕೊಂಡು ಬೇಗ ಹೊರಟರು. ಶಿವಕುಮಾರರು ವಿಷಯ ಕೇಳಿ ತಿಳಿದುಕೊಂಡು, ಮಿಲ್ಲಿನವರು ಕೊಟ್ಟ ಬಹುಮಾನವನ್ನು ದೂರದಿಂದಲೇ ಒಮ್ಮೆ ನೋಡಿ, ನಿಮ್ಮ ತಮಾಷೆ ನನಗೇನೂ ಬೇಸರ ತರಲಿಲ್ಲ ಟೀಚರ್, ಆದರೆ ಅವಲಕ್ಕಿ ಮಾತ್ರ ಸರಿಯಲ್ಲ ಎಂದರು. ಆಮೇಲೆ ರತ್ನಳ ಫೋನಿನ ಸೆಟ್ಟಿಂಗಿನಲ್ಲಿ ಹುಡುಕಿ ಆ ವ್ಯವಸ್ಥೆಯ ಗುಂಡಿಯನ್ನೇ ಬಂದ್ ಮಾಡಿದರು. ರತ್ನ ಒಂದು ಅಕ್ಷರ ಒತ್ತಿ ಕಳಿಸಿದಳು. ನನ್ನ ಫೋನು ಟುಂಯ್ ಅಂದಿತು. ಎದುರಿಗೆ ಕೂತವಳಿಂದ ಬಂದ ಬರೀ ಒಂದು ಅಕ್ಷರ ಅದು. ಅದನ್ನು ನಾನು ಇನ್ನೂ ಅಳಿಸಿಲ್ಲ.

ನಾನು ಊರಿಗೆ ವಾಪಸು ಬರಲಿಲ್ಲ. ರತ್ನಳದೇ ಎರಡು ಸೀರೆ, ಜಾಕೀಟು ಚೀಲಕ್ಕೆ ಹಾಕಿಕೊಂಡು ಮಂಗಳವಾರ ಅವರ ಜೊತೆಗೇ ಶಿವಮೊಗ್ಗದ ಆಸ್ಪತ್ರೆಗೆ ಹೋದೆ. ಬುಧವಾರ ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗುವ ಮೊದಲು ರತ್ನಳ ಫೋನು, ಬಳೆ, ಕನ್ನಡಕ ಎಲ್ಲ ನನ್ನ ಕೈಗೆ ಬಂದವು. ಕನ್ನಡಕ ತೆಗೆದರೆ ಅವಳಿಗೆ ತುಟಿಯೂ ಕಾಣುವುದಿಲ್ಲ. ಏನೂ ಕೇಳಿಸದೆ, ಏನೂ ಕಾಣಿಸದೆ ಅವಳು ಗಾಲಿಮಂಚದ ಮೇಲೆ ಮಲಗಿ ನನ್ನ ಕೈ ಹಿಡಿದುಕೊಂಡಿದ್ದಳು. ಬಾಗಿಲ ತನಕ ಆ ಕೈ ಬಿಡಲಿಲ್ಲ. ಆ ಹೊತ್ತಿಗೆ ನಾನು ಅಲ್ಲಿ ಇಲ್ಲದೆ ಹೋಗಿದ್ದರೆ, ಕೊಪ್ಪದಲ್ಲಿ ಕೂತು ಅವಳಿಗೆ ಸಿಟ್ಟು ಬಂದಿದೆ ಎಂದು ಕಾರಣ ಜೋಡಿಸುತ್ತಾ ಇದ್ದಿದ್ದರೆ ಎಂದು ಯೋಚಿಸಲು ಹೊರಟವಳು ಯೋಚನೆಯನ್ನು ಅಲ್ಲಿಗೇ ಬಿಟ್ಟೆ. ಶಿವಕುಮಾರರು ಕಾರಿಡಾರಿನಲ್ಲಿ ಸಲೈನ್ ಹಿಡಿದುಕೊಂಡು ಹೋಗುತ್ತಿದ್ದ ಯಾರನ್ನೋ ನೋಡಿ ಬೆಂಚಿನ ಮೇಲೆ ಒರಗಿಬಿಟ್ಟಿದ್ದರು. ಅವರಿಗೆ ಗಾಳಿ ಹಾಕುವ ಕೆಲಸವೂ ನನ್ನದೇ ಆಯಿತು.

ಆಪರೇಷನ್ ಕೋಣೆ ಇದ್ದದ್ದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಹತ್ತಿರದ ಬೆಂಚಿನಲ್ಲಿದ್ದವರೆಲ್ಲ ದೊಡ್ಡ ದೊಡ್ಡ ಫೋನು ಹಿಡಿದುಕೊಂಡು, ಇಲ್ಲಿ ನೆಟ್ಟೇ ಸಿಗುವುದಿಲ್ಲವಲ್ಲ ಎಂದು ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಡಾಕ್ಟರು ಹೊರಗೆ ಬಂದು, ಚೆನ್ನಾಗಿ ಆಗಿದೆ, ಕಿವಿಯ ಹತ್ತಿ ತೆಗೆದ ಮೇಲೆ ನಿಧಾನವಾಗಿ ಗೊತ್ತಾಗುತ್ತದೆ ಎಂದು ಹೇಳಿದಾಗ ನಾನು ಕುಳಿತಲ್ಲಿಂದಲೇ ನಮ್ಮನೆಯವರಿಗೆ ಗುಂಡಿ ಒತ್ತಿ, ಆಯಿತು, ಚೆನ್ನಾಗಿದ್ದಾಳೆ ಎಂದು ಕಳಿಸಿದೆ. ಒಂದು ಗೆರೆ ಸಿಗ್ನಲ್ಲು ಇತ್ತು, ಅದಕ್ಕೆ ಅಷ್ಟೇ ಸಾಕು. ಎರಡು ನಿಮಿಷಕ್ಕೆ ಅವರ ಉತ್ತರ ಬಂತು. ಸಂತೋಷ ಎಂದಿತ್ತು. ಸರಕಾರಿ ಕಾಗದದ ಹಾಗೆ ಒಂದೇ ಶಬ್ದ. ಆದರೂ ಅದನ್ನು ನಾನು ಎರಡು ಸಲ ಓದಿದೆ. ಎಲ್ಲೋ ಒಂದು ಕಂಬ, ಅದನ್ನು ಹತ್ತಿ ಯಾರೋ ಕಟ್ಟಿದ ತಂತಿ, ಇವುಗಳಿಗೆ ಕೈಮುಗಿಯಬೇಕು ಎಂದು ನನಗೆ ಅದುವರೆಗೆ ಯಾವತ್ತೂ ಅನ್ನಿಸಿರಲಿಲ್ಲ.

ಸವಿತಾಳ ಫೋನು ಆಮೇಲೆ ರಿಪೇರಿಯಾಗಿ ಬಂತು, ಈಗ ಅದನ್ನೇ ಉಪಯೋಗಿಸುತ್ತಿದ್ದೇನೆ. ಆದರೆ ಕಂಪನಿಯ ಆ ಮೆಸೇಜು ವ್ಯವಸ್ಥೆಯನ್ನು ಹಾಕಿಕೊಂಡಿಲ್ಲ. ಎಂತಕ್ಕೆ ಅತ್ತಿಗೆ, ಫೋಟೋ ಚೆಂದ ಹೋಗ್ತದೆ, ಓದಿದ್ದಾರೋ ಇಲ್ಲವೋ ಗೊತ್ತಾಗ್ತದೆ ಎಂದು ಸವಿತಾ ಈಗಲೂ ಹೇಳುತ್ತಾಳೆ. ಆ ವ್ಯವಸ್ಥೆಯ ಮೇಲೆ ನನಗೆ ಕೋಪವೇನಿಲ್ಲ. ಅದಕ್ಕೆ ಒಗ್ಗುವವರು ಇರಬಹುದು, ಫೋನನ್ನು ಹಿಟ್ಟಿಗೆ ಹಾಕದವರು, ಚುಕ್ಕಿ ಕುಣಿದರೆ ನಿದ್ದೆಗೆಡದವರು. ನನಗೆ ಸಾದಾ ಮೆಸೇಜು ಸಾಕು. ಅದು ಕೊಪ್ಪದಲ್ಲೂ ಸಿಗುತ್ತದೆ, ಬಸರೀಕಟ್ಟೆಯಲ್ಲಿ ಶಾಲೆಯ ಕ್ರೀಡಾಕೂಟಕ್ಕೆ ಹೋದಾಗ ಮೈದಾನದ ಮೂಲೆಯಲ್ಲೂ ಸಿಗುತ್ತದೆ, ಯಾವ ಫೋನು ಎಂದು ಕೇಳುವುದಿಲ್ಲ, ಯಾರ ಮನೆಯವರು ಎಂದು ವಿಚಾರಿಸುವುದಿಲ್ಲ, ಸಿಮ್ಮು ಎಲ್ಲಿದೆಯೋ ಅಲ್ಲಿಗೆ ಬರುತ್ತದೆ.

ಆಪರೇಷನ್ ಆಗಿ ಒಂದೂವರೆ ತಿಂಗಳಾಗಿರಬೇಕು. ಒಂದು ಭಾನುವಾರ ಬೆಳಿಗ್ಗೆ ನನ್ನ ಫೋನು ರಿಂಗಾಯಿತು. ನೋಡಿದರೆ ರತ್ನಳ ಹೆಸರು. ಹತ್ತು ವರ್ಷದಲ್ಲಿ ಆ ನಂಬರಿನಿಂದ ಮೆಸೇಜು ಬಿಟ್ಟು ಬೇರೇನೂ ಬಂದಿರಲಿಲ್ಲ. ಏನೋ ಆಗಿದೆ, ಶಿವಕುಮಾರರು ಮಾಡುತ್ತಿದ್ದಾರೆ ಎಂದುಕೊಂಡು ಎತ್ತಿ ಹಲೋ ಎಂದೆ.

ಆ ಕಡೆಯಿಂದ ರತ್ನಳೇ ಕೇಳಿದಳು, "ವಸುಧಾ ಟೀಚರಿಗೆ ಸ್ವಲ್ಪ ಕೊಡ್ತೀರಾ?"

"ನಾನೇ ಕಣೇ," ಎಂದೆ.

ಅಳುತ್ತಿದ್ದಾಳೆ ಎಂದುಕೊಂಡೆ, ನಾನಂತೂ ಅಳುತ್ತಿದ್ದೆ. ಆಮೇಲೆ ಅವಳು ಕೇಳಿದಳು, "ನಿನ್ ಧ್ವನಿಗೆ ಎಂತಾಯ್ತೇ? ಇಷ್ಟು ದಪ್ಪ ಆಗಿದೆ."

ಮೂವತ್ತು ವರ್ಷ ಕಿಟಕಿ ಬಾಗಿಲಿಲ್ಲದ ಕ್ಲಾಸಿನಲ್ಲಿ ಹಿಂದಿ ವ್ಯಾಕರಣ ಕೂಗಿದರೆ ಧ್ವನಿ ಇನ್ನೇನಾಗುತ್ತದೆ ಎಂದೆ. ಅವಳು ನಕ್ಕಳು. ಇಷ್ಟು ವರ್ಷ ನನ್ನ ಮೆಸೇಜು ಓದುವಾಗಲೆಲ್ಲ ಅವಳ ತಲೆಯೊಳಗೆ ಹಾಸ್ಟೆಲಿನ ನನ್ನ ಧ್ವನಿಯೇ ಓದಿ ಹೇಳುತ್ತಿತ್ತಂತೆ, ಸಣ್ಣ ಧ್ವನಿ, ಸಾಲಿನ ಕೊನೆಯಲ್ಲಿ ಸ್ವಲ್ಪ ಎಳೆಯುವುದು. ಕಡುಬು, ಉಪ್ಪಿಟ್ಟು, ಎಲ್ಲವೂ ಅದೇ ಧ್ವನಿಯಲ್ಲಿ ಬರುತ್ತಿತ್ತಂತೆ. ಹಾಗಾಗಿ ಈಗ ಯಾರೋ ದೊಡ್ಡವರು ಫೋನು ಎತ್ತಿದ್ದಾರೆ ಅಂದುಕೊಂಡಳಂತೆ. ಮುಕ್ಕಾಲು ಗಂಟೆ ಮಾತಾಡಿದೆವು. ಅವಳಿಗೆ ಎಲ್ಲವೂ ಕೇಳಿಸಿತು. ಅಷ್ಟು ಸಂತೋಷದ ಬೆಳಿಗ್ಗೆ ನನಗೆ ಈಚೆಗೆ ನೆನಪಿಲ್ಲ.

ಮಾರನೆಯ ದಿನ ತಿಂಡಿಯ ಹೊತ್ತಿಗೆ ಅವಳ ಕರೆ ಮತ್ತೆ ಬಂತು. ನಾನು ಎತ್ತಲಿಲ್ಲ. ಕ್ಲಾಸಿನಲ್ಲಿದ್ದೇನೆ, ಮೆಸೇಜು ಮಾಡು ಎಂದು ಬರೆದು ಕಳಿಸಿದೆ. ಅವತ್ತು ಮಳೆಗೆಂದು ಶಾಲೆಗೆ ರಜೆ ಎಂಬುದು ಎನ್.ಆರ್. ಪುರದಲ್ಲಿರುವ ಅವಳಿಗೂ ಗೊತ್ತಿತ್ತು. ಆದರೂ ಒಳ್ಳೆಯ ಗೆಳತಿ, ಏನೂ ಕೇಳದೆ, ನಮ್ಮಲ್ಲಿ ರೊಟ್ಟಿ ಎಂದು ಬರೆದಳು. ನಾನು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, ಹಾಸ್ಟೆಲಿನ ಇಪ್ಪತ್ತೆರಡು ವರ್ಷದವಳ ಧ್ವನಿಯಲ್ಲಿ ಉತ್ತರ ಬರೆಯತೊಡಗಿದೆ.